ಒಬ್ಬರನ್ನು ಬಿಟ್ಟು ಸರ್ವಾನುಮತ

ಜನವರಿ 9

ಮಗಳೇ,

ಮೂರು ವರ್ಷದ ಮೇಲೆ ಈ ಕೈಬರಹ ನೋಡಿ ಗಾಬರಿ ಆಗಬೇಡ. ನಾನು ಚೆನ್ನಾಗಿದ್ದೀನಿ, ಯಾರೂ ಸತ್ತಿಲ್ಲ.

ಮೊನ್ನೆ ಭಾನುವಾರ ಬೆಳಿಗ್ಗೆ ಗಡ್ಡ ಕೆರೀತಾ ರೇಡಿಯೋ ಹಾಕಿದ್ದೆ. 'ಕೇಳುಗರ ಮಾತು' ಅಂತ ಒಂದು ಕಾರ್ಯಕ್ರಮ ಬರುತ್ತಲ್ಲ, ಅದು. ಗುರು, ಗ್ರಂಥ ಯಾವುದೂ ಇಲ್ಲದೆ ದೇವರನ್ನ ಹುಡುಕೋರ ಬಗ್ಗೆ ಅವತ್ತಿನ ಮಾತು. "ಈಗ ಹಲ್ಲು ಕಟ್ಟುವ ಕೆಲಸದ ಕೇಳುಗರೊಬ್ಬರು ತಮ್ಮ ಅನುಭವ ಹೇಳ್ತಾರೆ" ಅಂದರು. ಆಮೇಲೆ ನಿನ್ನ ದನಿ ಬಂತು. ಬ್ಲೇಡು ಅಲ್ಲೇ ನಿಂತಿತು. ಅರ್ಧ ಗಡ್ಡದಲ್ಲೇ ಕೂತು ಪೂರ್ತಿ ಕೇಳಿದೆ.

ನೀನು ಹೇಳಿದ್ದಿಷ್ಟು. ಪ್ರತಿ ಭಾನುವಾರ ನಲವತ್ತು ಜನರ ಜೊತೆ ಒಂದು ಗಂಟೆ ಸುಮ್ಮನೆ ಕೂರ್ತೀಯ. ಪೂಜಾರಿ ಇಲ್ಲ, ಪಾದ್ರಿ ಇಲ್ಲ, ಹಾಡಿಲ್ಲ. ಕ್ವೇಕರ್ ಅಂತ ಹೆಸರು, ಆದರೆ ಅವರು ತಮ್ಮನ್ನ 'ಸ್ನೇಹಿತರು' ಅಂದ್ಕೋತಾರೆ. ಎಲ್ಲರೊಳಗೂ ಒಂದು ಬೆಳಕಿದೆ, ಅದಕ್ಕೇ ಎಲ್ಲರೂ ಸಮಾನ ಅಂತಾರೆ. ಯಾರಿಗಾದರೂ ಒಳಗಿಂದ ಮಾತು ಬಂದರೆ ಎದ್ದು ಹೇಳ್ತಾರೆ, ಬರದಿದ್ದರೆ ಇಲ್ಲ. ಆಮೇಲೆ ವಾರ್ತೆ ಶುರುವಾಯ್ತು, ನಿನ್ನ ದನಿ ಹೋಯ್ತು.

ನಂಬಿಕೆಯ ವಿಷಯ ನನಗೆ ಬೇಡ, ನಿನಗೆ ಗೊತ್ತಿದೆ. ಆದರೆ ನಲವತ್ತು ವರ್ಷ ಪ್ರೆಸ್ಸಿನ ಕಾರ್ಮಿಕ ಸಂಘದ ಸಭೆ ನಡೆಸಿದವನಿಗೆ ಕೆಲವು ಅನುಮಾನ ಹುಟ್ಟಿದಾವೆ. ಅದನ್ನ ಶುರು ಮಾಡೋರು ಯಾರು? ಅಧ್ಯಕ್ಷರಿಲ್ಲದೆ ಸಭೆ ಹೇಗೆ ನಡೆಯುತ್ತೆ? ಒಬ್ಬ ಎದ್ದು ಒಂದು ಗಂಟೆ ಕೊರೆದರೆ ಕೂರಿಸೋರು ಯಾರು? ಕೆಮ್ಮು ಬಂದರೆ ಏನು ಮಾಡ್ತೀರಿ?

ಉತ್ತರ ಬರೀಬೇಕು ಅಂತೇನಿಲ್ಲ. ಬರೆದರೆ ಓದ್ತೀನಿ.

ನಿನ್ನಪ್ಪ


ಫೆಬ್ರುವರಿ 2

ಅಪ್ಪ,

ನಿಮ್ಮ ಕಾಗದ ಬಂದು ಮೂರು ವಾರ ದಾಟಿತು. ಹಲ್ಲು ಮಾಡೋ ಲ್ಯಾಬಿನ ಮೇಜಿನ ಮೇಲೆ ಮೇಣದ ಡಬ್ಬಿ ಕೆಳಗೆ ಇಟ್ಟಿದ್ದೆ. ದಿನಾ ಡಬ್ಬಿ ಎತ್ತುವಾಗ ಒಂದು ಸಲ ನೋಡ್ತಿದ್ದೆ.

ನೀವು ಕೇಳಿದ್ದಕ್ಕೆ ಉತ್ತರ. ಯಾರೂ ಶುರು ಮಾಡಲ್ಲ. ಮೊದಲು ಬಂದವರು ಕೂರ್ತಾರೆ, ಅಲ್ಲಿಗೆ ಶುರುವಾಯ್ತು. ಒಂದು ಗಂಟೆ ಆದಮೇಲೆ ಇಬ್ಬರು ಹಿರಿಯರು ಪರಸ್ಪರ ಕೈ ಕುಲುಕ್ತಾರೆ, ಮುಗೀತು. ಒಂದು ಗಂಟೆ ಕೊರೆದವರನ್ನ ನಾನಿನ್ನೂ ನೋಡಿಲ್ಲ. ಒಬ್ಬರು ಮಾತಾಡಿದ ಮೇಲೆ ಇನ್ನೊಬ್ಬರು ತಕ್ಷಣ ಏಳಲ್ಲ. ಹೇಳಿದ್ದು ಮನಸ್ಸಿಗೆ ಇಳಿಯೋಕೆ ಸಮಯ ಕೊಡ್ತಾರೆ. ಕೆಮ್ಮು ಬಂದರೆ ಕೆಮ್ತೀವಿ.

ನಾನು ಅಲ್ಲಿಗೆ ಹೋಗಿದ್ದು ದೇವರನ್ನ ಹುಡುಕಿಕೊಂಡೇನಲ್ಲ. ಅಮ್ಮ ತೀರಿಹೋಗಿ ಮೂರು ತಿಂಗಳಾಗಿತ್ತು. ಲ್ಯಾಬಿಂದ ಮನೆಗೆ ನಡೆಯೋ ದಾರೀಲಿ ಒಂದು ಇಟ್ಟಿಗೆ ಕಟ್ಟಡ, ಹೊರಗೆ 'ಯಾರು ಬೇಕಾದರೂ ಬಂದು ಕೂರಬಹುದು' ಅಂತ ಬೋರ್ಡು. ಅವತ್ತು ಕಾಲು ನೋಯ್ತಿತ್ತು. ಹೋಗಿ ಕೂತೆ. ಮರದ ಬೆಂಚು, ಎತ್ತರದ ಕಿಟಕಿ, ಗೋಡೆ ಮೇಲೆ ಒಂದು ಚಿತ್ರವೂ ಇಲ್ಲ. ಒಂದು ಗಂಟೆ ನನಗೆ ಯಾರೂ ಏನೂ ಹೇಳಲಿಲ್ಲ. ಅಮ್ಮ ಹೋದಮೇಲೆ ಅಂಥದ್ದು ಅದೇ ಮೊದಲು.

ನಿಮ್ಮ ಆರೋಗ್ಯ ಚೆನ್ನಾಗಿದೆ ಅಂತ ತಿಳಿದು ಸಂತೋಷ.

ನಿಮ್ಮ ಮಗಳು


ಫೆಬ್ರುವರಿ 8

ಮಗಳೇ,

ಕಾಗದ ಸಿಕ್ಕಿತು. ಮೊದಲು ನನ್ನನ್ನ 'ನೀನು' ಅಂತಿದ್ದೆ, ಈಗ 'ನೀವು' ಆಗಿದ್ದೀನಿ. ಈ ಮನೇಲಿ ನಾನೊಬ್ಬನೇ ಇರೋದು, ಬಹುವಚನಕ್ಕೆ ಜನ ಸಾಲಲ್ಲ. ಆದರೂ ನಿನ್ನಿಷ್ಟ.

ನೀನು ಬರೆದಿದ್ದನ್ನ ಪರೀಕ್ಷೆ ಮಾಡಿ ನೋಡೋಣ ಅಂತ ನಿನ್ನೆ ಮಧ್ಯಾಹ್ನ ಕುರ್ಚಿ ಹಾಕ್ಕೊಂಡು ಸುಮ್ಮನೆ ಕೂತೆ. ಕೆಳಗಡೆ ಬೀಗದ ಕೈ ಮಾಡೋ ಅಂಗಡಿಯವನ ಯಂತ್ರ ಕಿರ್ರ್ ಅಂತಿತ್ತು. ಮೊದಲು ಸೋಪು ಮುಗಿದಿರೋದು ನೆನಪಾಯ್ತು. ಆಮೇಲೆ ಎಂದೋ ಒಂದು ಮದುವೆ ಕಾಗದದಲ್ಲಿ 'ವಧು' ಬದಲು 'ವಧೆ' ಅಂತ ಅಚ್ಚಿನ ಮೊಳೆ ಜೋಡಿಸಿದ್ದು ನೆನಪಾಗಿ ಒಬ್ಬನೇ ನಕ್ಕೆ. ಹನ್ನೊಂದು ನಿಮಿಷಕ್ಕೆ ಎದ್ದುಬಿಟ್ಟೆ. ನಿಮ್ಮವರು ಹೇಳೋ ಆ ಒಳಗಿನ ಬೆಳಕು ಎಷ್ಟು ವ್ಯಾಟಿನದು? ನನ್ನ ಒಳಗೆ ಫ್ಯೂಸ್ ಹೋಗಿದ್ದರೂ ಹೋಗಿರಬಹುದು.

ತಮಾಷೆ ಬಿಡು. ನನ್ನನ್ನ ನಿಜವಾಗಿ ಕೊರೀತಿರೋದು ಬೇರೆ. ನೀನು ರೇಡಿಯೋದಲ್ಲಿ 'ಸಮಾನತೆ', 'ನ್ಯಾಯ' ಅಂದೆ. ಆ ಎರಡು ಪದಕ್ಕೆ ನಾನು ಹಲ್ಲು ಉದುರೋವರೆಗೆ ಕೂಗಿದ್ದೀನಿ (ಹೊಸ ಸೆಟ್ಟು ನಿನ್ನ ಕೈಲೇ ಮಾಡಿಸಬೇಕು). ಕೂತು ಕಣ್ಣು ಮುಚ್ಚಿದರೆ ಯಾವ ಮಾಲೀಕ ಬಾಗಿಲು ತೆರೆದಿದ್ದಾನೆ? ಮೌನ ಸಮ್ಮತಿಯ ಲಕ್ಷಣ ಅಂತಾರೆ. ನೀವು ಸುಮ್ಮನಿದ್ದಷ್ಟೂ ಮೇಲಿನೋರಿಗೆ ಹಬ್ಬ ಅಲ್ವಾ? ನಿಜವಾಗಿ ಕೇಳ್ತಿದ್ದೀನಿ, ಚುಚ್ಚೋಕಲ್ಲ. ಈ ಮೌನದಿಂದ ಹೊರಗೆ ಏನಾದರೂ ಆಗುತ್ತಾ?

ನಿನ್ನಪ್ಪ


ಮಾರ್ಚ್ 1

ಅಪ್ಪ,

ನೀವು ಚುಚ್ಚಿದ್ದರೂ ಪರವಾಗಿಲ್ಲ. ಅದೇ ಪ್ರಶ್ನೆ ಈಗ ನಮ್ಮ ಬಾಗಿಲಿಗೇ ಬಂದು ನಿಂತಿದೆ.

ನಮ್ಮ ಕಟ್ಟಡದ ಎದುರು ಬಟ್ಟೆ ಒಗೆಯೋ ಕಾರ್ಖಾನೆ ಇದೆ. ಹೋಟೆಲುಗಳ ಹೊದಿಕೆ, ಟವೆಲು ಎಲ್ಲ ಅಲ್ಲಿಗೆ ಬರುತ್ತೆ. ಇಸ್ತ್ರಿ ಮಾಡೋ ಆವಿ ಕೋಣೆಯ ಹಿಂಬಾಗಿಲಿಗೆ ಬೀಗ ಹಾಕಿಡ್ತಾರೆ, ಕೆಲಸದವರು ಆಗಾಗ ಹೊರಗೆ ಹೋಗಿಬಿಡ್ತಾರೆ ಅಂತ. ಕ್ರಿಸ್‌ಮಸ್ ಆದ ಮೇಲಿನ ವಾರ ಒಬ್ಬಳು ಒಳಗೇ ಮೂರ್ಛೆ ಹೋದಳು. ಬಾಗಿಲು ತೆಗೀರಿ ಅಂತ ಕೇಳಿದ ಇಪ್ಪತ್ತಾರು ಹೆಂಗಸರನ್ನ ಮಾಲೀಕ ಹೊರಗೆ ಹಾಕಿದ್ದಾನೆ. ಅವರು ದಿನಾ ಚಳಿಯಲ್ಲಿ ರಸ್ತೆ ಬದಿ ನಿಲ್ತಾರೆ. ವಾರದ ದಿನ ಸಂಜೆ ನಮ್ಮ ಹಾಲ್ ಕೊಡಿ, ಕೂತು ಮಾತಾಡೋಕೆ ಜಾಗ ಬೇಕು ಅಂತ ಕೇಳಿದ್ದಾರೆ.

ನಮ್ಮಲ್ಲಿ ವೋಟು ಇಲ್ಲ. ಎಲ್ಲರೂ ಕೂತು ಯೋಚಿಸಿ, ಒಂದೊಂದೇ ಮಾತು ಹೇಳಿ, ಎಲ್ಲರ ಮನಸ್ಸೂ ಒಂದು ಕಡೆ ನಿಂತಾಗ ಬರೆಯೋ ಕೆಲಸದವರು ಅದನ್ನ ಅಲ್ಲೇ ಬರೆದು ಗಟ್ಟಿಯಾಗಿ ಓದ್ತಾರೆ. ಹೌದು ಅಂತ ಎಲ್ಲರೂ ಅಂದರೆ ಮಾತ್ರ ನಿರ್ಧಾರ. ಬರೆಯೋರು ಬಸ್ ಓಡಿಸಿ ನಿವೃತ್ತರಾದ ಹೆಂಗಸು. ಅವಸರ ಅನ್ನೋದು ಅವರಿಗೆ ಗೊತ್ತೇ ಇಲ್ಲ.

ಹಾಲ್ ಕೊಡೋಣ ಅಂತ ಬಹುತೇಕ ಎಲ್ಲರೂ ಒಪ್ಪಿದರು. ಆದರೆ ಷರತ್ತು ಹಾಕಿ: ಘೋಷಣೆ ಕೂಗಬಾರದು, ಕಿಟಕಿಗೆ ಬ್ಯಾನರ್ ಕಟ್ಟಬಾರದು, ಮೆಲ್ಲಗೆ ಮಾತಾಡಬೇಕು. ಅಕ್ಕಪಕ್ಕದವರಿಗೆ ತೊಂದರೆ ಆಗಬಾರದು, ನಮ್ಮ ಜಾಗದ ಶಾಂತಿ ಕೆಡಬಾರದು ಅಂತ. ಇದಕ್ಕೆ ಒಬ್ಬರು ಒಪ್ಪಲಿಲ್ಲ. ಎರಡು ವಾರ ಬಿಟ್ಟು ಮತ್ತೆ ಕೂತೆವು. ಆಗಲೂ ಆ ಒಬ್ಬರು ಒಪ್ಪಲಿಲ್ಲ. ವಿಷಯ ಅಲ್ಲಿಗೇ ನಿಂತಿದೆ. ಹೆಂಗಸರು ಹೊರಗೇ ಇದ್ದಾರೆ.

ನಿಮ್ಮ ಮಗಳು


ಮಾರ್ಚ್ 5

ಮಗಳೇ,

ಓದಿ ಮೈ ಉರಿದು ಹೋಯ್ತು. ನಲವತ್ತು ಜನ ಹೂಂ ಅಂದರೂ ಒಬ್ಬ ಊಹೂಂ ಅಂದರೆ ಕೆಲಸ ನಿಲ್ಲುತ್ತೆ! ಎತ್ತು ಏರಿಗೆ, ಕೋಣ ನೀರಿಗೆ ಅಂತ ಗಾದೆ ಕೇಳಿದ್ದೆ. ನಿಮ್ಮಲ್ಲಿ ನಲವತ್ತು ಎತ್ತು ಒಂದು ಕೋಣಕ್ಕೆ ಕಾಯ್ತಾ ಕೂತಿವೆ.

ಯಾರದು ಆ ಮಹಾನುಭಾವ? ನನಗೆ ಈ ಜಾತಿಯೋರ ಪರಿಚಯ ಇದೆ. ಎಲ್ಲ ಸಂಘದಲ್ಲೂ ಒಬ್ಬ ಇರ್ತಾನೆ. ತಾನೊಬ್ಬನೇ ಶುದ್ಧ, ಉಳಿದೋರೆಲ್ಲ ಕೆಸರು. ಷರತ್ತು ಹಾಕಿದ ಹಾಲೂ ಹಾಲೇ ಅಲ್ವೇನೇ? ತಲೆ ಮೇಲೆ ಸೂರು, ಕೂರೋಕೆ ಬೆಂಚು. ಮೊದಲು ಒಳಗೆ ಬಿಡಬೇಕು. ಕೂಗಬೇಡಿ ಅಂದರೆ ಹೂಂ ಅಂತ ತಲೆ ಆಡಿಸಿ, ಒಳಗೆ ಹೋಗಿ ಕೂಗಬೇಕು. ನಾನಾಗಿದ್ದರೆ ಹಾಗೇ ಮಾಡ್ತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕು ಅಂತ ಕೂತಿರೋ ಆ ಮನುಷ್ಯನನ್ನ ಎಬ್ಬಿಸಿ ಆಚೆ ಕಳಿಸಿ. ಆಮೇಲೆ ಎಲ್ಲರೂ ಒಪ್ಪಿದರು ಅಂತ ಬರೀರಿ. ಇಷ್ಟೇ ಕೆಲಸ.

ಆ ಇಪ್ಪತ್ತಾರು ಜನಕ್ಕೆ ಸ್ವೆಟರ್ ಇದೆಯಾ?

ನಿನ್ನಪ್ಪ


ಮಾರ್ಚ್ 9

ಅಪ್ಪ,

ಆ ಒಬ್ಬರು ನಾನೇ.

ಮೂವತ್ತ್ಮೂರು ವರ್ಷದಲ್ಲಿ ನಾಲ್ಕು ಜನರ ಎದುರು ಎದ್ದು 'ಇಲ್ಲ' ಅಂದಿದ್ದು ಇದೇ ಮೊದಲು. ಮುಂದಿನ ಬೆಂಚು ಹಿಡ್ಕೊಂಡಿದ್ದೆ. ಎದೆಯೊಳಗೆ ಯಾವ ಬೆಳಕೂ ಹತ್ತಿಕೊಳ್ಳಲಿಲ್ಲ. ಬರೀ ಬೆವರು. 'ಸದ್ದು ಮಾಡದೆ ಇದ್ದರೆ ಒಳಗೆ ಬನ್ನಿ' ಅನ್ನೋದನ್ನ ಮಾತ್ರ ನನ್ನ ಕೈಲಿ ಒಪ್ಪೋಕೆ ಆಗಲಿಲ್ಲ. ಆ ಷರತ್ತಿನ ಮನೇಲಿ ಇದ್ದು ನನಗೆ ಅಭ್ಯಾಸ ಇದೆ. ಅಮ್ಮನಿಗೂ ಇತ್ತು.

ನೀವು ಹೇಳಿದ್ದೂ ಸುಳ್ಳಲ್ಲ. ನಾನು ಒಪ್ಪಿದ್ದರೆ ಅವರಿಗೆ ಇಷ್ಟೊತ್ತಿಗೆ ಬೆಚ್ಚಗಿನ ಜಾಗ ಸಿಕ್ಕಿರ್ತಿತ್ತು. ದಿನಾ ಬೆಳಿಗ್ಗೆ ಅವರ ಮುಂದೆಯೇ ನಡೆದು ಕೆಲಸಕ್ಕೆ ಹೋಗ್ತೀನಿ. ಕೆಲವರಿಗೆ ಸ್ವೆಟರ್ ಇದೆ.

ನಿಮ್ಮ ಮಗಳು


ಏಪ್ರಿಲ್ 2

ಮಗಳೇ,

ಈ ಕಾಗದ ಐದು ಸಲ ಬರೆದು ಹರಿದಿದ್ದೀನಿ. ಮೊದಲ ನಾಲ್ಕರಲ್ಲಿ ನಿನಗೆ ಬುದ್ಧಿ ಹೇಳಿದ್ದೆ. ಆದರೆ 'ಆಚೆ ಕಳಿಸಿ, ಎಲ್ಲರೂ ಒಪ್ಪಿದರು ಅಂತ ಬರೀರಿ' ಅಂತ ನಾನೇ ಬರೆದಿದ್ದೆನಲ್ಲ, ಆ ಸಾಲು ಬಿಡ್ತಾನೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗಾಗಿದೆ ನನ್ನ ಸ್ಥಿತಿ.

ಮೂವತ್ತ್ನಾಲ್ಕು ವರ್ಷದ ಹಿಂದೆ ನಮ್ಮ ಪ್ರೆಸ್ಸಿನಲ್ಲಿ ಮುಷ್ಕರ ಆಯ್ತಲ್ಲ, ರಾತ್ರಿ ಪಾಳಿ ರದ್ದು ಮಾಡಿಸಿದ್ದು. ಆ ಕತೆ ನಿನಗೆ ನೂರು ಸಲ ಹೇಳಿದ್ದೀನಿ. ಹೇಳದೆ ಬಿಟ್ಟ ಭಾಗ ಇದು. ರಾತ್ರಿ ಪಾಳಿ ನಿಲ್ಲಿಸೋಕೆ, ಮೊಳೆ ಜೋಡಿಸೋ ನಮ್ಮಲ್ಲಿ ಒಬ್ಬರನ್ನೂ ಕೆಲಸದಿಂದ ತೆಗೀದೆ ಇರೋಕೆ ಮಾಲೀಕ ಒಪ್ಪಿದ. ಬದಲಿಗೆ ಬೈಂಡಿಂಗ್ ಕೋಣೆ ಮುಚ್ಚಿ ಆ ಕೆಲಸ ಹೊರಗೆ ಕೊಡ್ತೀನಿ ಅಂದ. ಆ ಕೋಣೆಯಲ್ಲಿ ಹನ್ನೊಂದು ಹೆಂಗಸರು ಹಾಳೆ ಮಡಚಿ, ಹೊಲಿದು, ಗೋಂದು ಹಚ್ಚೋರು. ದಿನಗೂಲಿಯವರು ಅಂತ ಅವರನ್ನ ನಾವು ಸಂಘಕ್ಕೆ ಸೇರಿಸಿಕೊಂಡಿರಲಿಲ್ಲ.

ಸಭೆ ಕರೆದೆವು. ಅರವತ್ತ್ಮೂರು ಜನ. ನಾನು ಕಾರ್ಯದರ್ಶಿ. ಒಪ್ಪೋರು ಕೈ ಎತ್ತಿ ಅಂದೆ, ಅರವತ್ತೆರಡು ಕೈ ಎದ್ದಿತು. ಒಪ್ಪದೋರು ಅಂದಾಗ ಒಂದೇ ಒಂದು. ಕರಡು ತಿದ್ದುವವನು. ನಾವೆಲ್ಲ ಅವನನ್ನ 'ಅಲ್ಪವಿರಾಮ' ಅಂತ ಕರೀತಿದ್ದೆವು, ಮಾತಿನ ಮಧ್ಯೆ ಮಧ್ಯೆ ನಿಲ್ಲೋನು. ಎದ್ದು ನಿಂತು ಅವನು ಕೇಳಿದ್ದು ಒಂದೇ ಪ್ರಶ್ನೆ: "ಅವರು ಈ ಕೋಣೆಯಲ್ಲಿ ಇಲ್ಲ. ಅವರನ್ನ ಕೇಳಿದ್ದು ಯಾರು?"

ಎಲ್ಲರೂ ಕೂಗಿ ಕೂರಿಸಿದರು. ನಾನೂ ಕೂಗಿದೆ. ಅವತ್ತೇ ನಡಾವಳಿ ಪುಸ್ತಕದಲ್ಲಿ ನನ್ನ ಕೈಯಾರೆ 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಅಂತ ಬರೆದೆ. ಒಗ್ಗಟ್ಟು ಕಾಣಬೇಕು ಅಂತ. ಆಮೇಲೆ ಅವನ ಜೊತೆ ಯಾರೂ ಊಟಕ್ಕೆ ಕೂರಲಿಲ್ಲ. ಆರು ತಿಂಗಳಿಗೆ ಬಿಟ್ಟು ಹೋದ.

ಆ ಹನ್ನೊಂದರಲ್ಲಿ ಒಬ್ಬಳು ನಿನ್ನಮ್ಮ. ಅವಳು ಬೈಂಡಿಂಗ್ ಕೋಣೆಯವಳು ಅನ್ನೋದು ನಿನಗೆ ಗೊತ್ತು. ಯಾಕೆ ಬಿಟ್ಟಳು ಅನ್ನೋದು ಗೊತ್ತಿಲ್ಲ. ನೀನು ಆಗ ಹೊಟ್ಟೆಯಲ್ಲಿ ಐದು ತಿಂಗಳು. 'ಹೇಗೂ ಬಿಡಬೇಕಿತ್ತಲ್ಲ' ಅಂದ್ಕೊಂಡೆ. ಸಭೆಯಿಂದ ಮನೆಗೆ ಬಂದವನು ಅವಳಿಗೆ ಹೇಳಲೇ ಇಲ್ಲ. ಮಾರನೇ ದಿನ ನೋಟಿಸ್ ಬೋರ್ಡಿನಲ್ಲಿ ಸಂಘದ ನಿರ್ಣಯ ಅವಳೇ ಓದಿದಳು, ನನ್ನ ಸಹಿ ಸಮೇತ. ಸಂಜೆ ಎಂದಿನ ಹಾಗೆ ಚಹಾ ಕೊಟ್ಟಳು. ಆಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ಎತ್ತಿಲ್ಲ ಅಂದರೆ ಮನಸ್ಸಲ್ಲಿ ಇಲ್ಲ ಅಂತ ನಾನು ತಿಳಿದೆ.

ಅವಳ ಅಂತ್ಯಸಂಸ್ಕಾರದ ದಿನ ನಾನು ನಲವತ್ತು ನಿಮಿಷ ಮಾತಾಡಿದೆ. ಯಾವುದರ ಬಗ್ಗೆ ಅಂತ ನಿನಗೆ ನೆನಪಿದೆ.

ಅಪ್ಪ


ಏಪ್ರಿಲ್ 11

ಅಪ್ಪ,

ನೆನಪಿದೆ. ಮುಷ್ಕರದ ಬಗ್ಗೆ. ಇಡೀ ನಲವತ್ತು ನಿಮಿಷದಲ್ಲಿ ಅಮ್ಮ ಪುಸ್ತಕ ಹೊಲೀತಿದ್ದಳು ಅನ್ನೋದು ಒಂದು ಸಲವೂ ಬರಲಿಲ್ಲ. ನಾನು ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರ್ಕೊಂಡು ಬಂದಿದ್ದೆ. ನೀನು ಮುಗಿಸೋ ಹೊತ್ತಿಗೆ ಮುಂದಿನ ಸಂಸ್ಕಾರದವರು ಬಾಗಿಲಲ್ಲಿ ಕಾಯ್ತಿದ್ದರು. ಚೀಟಿ ಮಡಚಿ ಬಸ್ ಹತ್ತಿದೆ.

ನಿನ್ನ ಮೇಲೆ ಸಿಟ್ಟು ಬಂದಿದೆ. ಮೂರು ವರ್ಷ ಇದ್ದಿದ್ದು ಸಿಟ್ಟು ಅಂದ್ಕೊಂಡಿದ್ದೆ. ಅದು ಬರೀ ದಣಿವು. ಸಿಟ್ಟು ಈಗ ಬಂದಿದೆ. ಅವಳಿಗೆ ಹೇಳೋಕೆ ನಿನಗೆ ಒಂದು ರಾತ್ರಿ ಪೂರ್ತಿ ಇತ್ತು ಅಪ್ಪ. ಅಷ್ಟು ದೊಡ್ಡ ಬಾಯಿ ಇಟ್ಕೊಂಡು!

ಆದರೂ ಇದನ್ನ ನೀನು ನನಗೆ ಬರೆದೆ. ಬರೀದೆ ಇದ್ದಿದ್ದರೆ ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ. ಇದನ್ನ ಹೇಗೆ ಇಟ್ಕೋಬೇಕು ಅಂತ ಇನ್ನೂ ಗೊತ್ತಿಲ್ಲ.

ಇಲ್ಲಿಯ ಸುದ್ದಿ. ಮೂರನೇ ಸಲ ಕೂತಾಗ ನಾನು ನಿನ್ನ ಅಲ್ಪವಿರಾಮ ಕೇಳಿದ ಪ್ರಶ್ನೆಯನ್ನೇ ಕೇಳಿದೆ. ಯಾರದ್ದು ಅಂತ ಹೇಳಲಿಲ್ಲ. "ಅವರು ಈ ಕೋಣೆಯಲ್ಲಿಲ್ಲ. ಅವರನ್ನ ಕೇಳಿದ್ದು ಯಾರು?" ಅಂದೆ. ಆಮೇಲಿನ ಮೌನ ಎಂದಿನದಾಗಿರಲಿಲ್ಲ, ಬೆಂಚು ಕಿರುಗುಟ್ತಿತ್ತು. ಕೊನೆಗೆ ಬಸ್ಸಿನ ಅಮ್ಮ ಪೆನ್ನು ಕೆಳಗಿಟ್ಟು, "ರಸ್ತೆ ದಾಟಿದರೆ ಸಿಗ್ತಾರೆ. ನಾವು ಎರಡು ತಿಂಗಳಿಂದ ಅವರ ಬಗ್ಗೆ ಮಾತಾಡ್ತಿದ್ದೀವಿ" ಅಂದರು. ಅವರೇ ಎದ್ದು ಹೋಗಿ ಇಬ್ಬರನ್ನ ಕರ್ಕೊಂಡು ಬಂದರು.

ಅದರಲ್ಲಿ ಒಬ್ಬಳು ಇಸ್ತ್ರಿ ಮಾಡೋಳು, ಮೊಣಕೈವರೆಗೂ ಸುಟ್ಟ ಕಲೆ. ಷರತ್ತಿನ ಪಟ್ಟಿ ಓದಿ ಹೇಳಿದರು. ಅವಳು ಕೇಳಿ, "ಕೂಗದೆ ಇರೋಕೆ ನಮಗೂ ಆಸೆ. ಹದಿನಾರು ವರ್ಷ ಕೂಗದೇ ಇದ್ದೆವು. ಬೀಗ ಹಾಗೇ ಇತ್ತು" ಅಂದಳು. ಆಮೇಲೆ ಸುತ್ತ ನೋಡಿ, "ನಿಮ್ಮ ಜಾಗ ಚೆನ್ನಾಗಿದೆ. ಸುಮ್ಮನಿರಬೇಕು ಅನಿಸಿದಾಗ ಸುಮ್ಮನೇ ಇರ್ತೀವಿ. ಅದನ್ನ ನಮಗೆ ಬಿಡಿ" ಅಂದಳು.

ಷರತ್ತು ಬಿದ್ದುಹೋಯ್ತು. ಇಬ್ಬರು ಹಳೇ ಸ್ನೇಹಿತರಿಗೆ ಬೇಸರವಾಗಿ ಆವತ್ತಿಂದ ಬರ್ತಿಲ್ಲ. ಅವರ ಮನೆಗೆ ಹೋಗಿದ್ದೆ, ಚಹಾ ಕೊಟ್ಟರು, ಹವಾಮಾನದ ಬಗ್ಗೆ ಮಾತಾಡಿದರು. ಇನ್ನೊಂದು ಹೇಳಬೇಕು. ಈ ಎರಡು ತಿಂಗಳಲ್ಲಿ ಇಪ್ಪತ್ತಾರರಲ್ಲಿ ಐದು ಜನ ಚಳಿ ತಾಳದೆ ಬೇರೆ ಕಡೆ ಹೋಗಿಬಿಟ್ಟಿದ್ದಾರೆ. ಅದರಲ್ಲಿ ಮೂರ್ಛೆ ಹೋದವಳೂ ಒಬ್ಬಳು. ನನ್ನ 'ಇಲ್ಲ'ದ ಭಾರ ಯಾರ ಹೆಗಲ ಮೇಲೆ ಬಿತ್ತು ಅಂತ ನನಗೆ ಗೊತ್ತು. ನಾನು ಸರಿಯೋ ತಪ್ಪೋ ಅಂತ ಪ್ರತಿ ಭಾನುವಾರ ಕೇಳ್ಕೋತೀನಿ.

ಮಗಳು


ಮೇ 20

ಮಗಳೇ,

ನೀನು ಬೈದ ಕಾಗದ ಜೇಬಲ್ಲೇ ಇದೆ. ಬೈಸ್ಕೊಂಡು ಬಹಳ ದಿನ ಆಗಿತ್ತು. 'ಅಷ್ಟು ದೊಡ್ಡ ಬಾಯಿ' ಅನ್ನೋದು ನಿಜ. ಅದು ಎಲ್ಲಿ ತೆರೀಬೇಕೋ ಅಲ್ಲಿ ತೆರೀಲಿಲ್ಲ.

ಅಲ್ಪವಿರಾಮನನ್ನ ಹುಡುಕ್ಕೊಂಡು ಹೋದೆ. ತಂಗಿ ಮನೆಯಲ್ಲಿದ್ದಾನೆ, ನೆಲಮಹಡಿ, ಕೋಣೆ ತುಂಬ ನಿಘಂಟು. ಬಾಗಿಲು ತೆರೆದು ನನ್ನನ್ನ ಮೇಲಿಂದ ಕೆಳಗೆ ನೋಡಿದ. "ಮೂವತ್ತ್ನಾಲ್ಕು ವರ್ಷ," ಅಂದ. ನಿಂತ. "ಕಾಲು ಒರೆಸ್ಕೊಂಡು ಬಾ" ಅಂದ.

ನಾನು ಒಂದು ತಿದ್ದುಪಡಿ ಬರೆದು ತಗೊಂಡು ಹೋಗಿದ್ದೆ. ಸಂಘದ ನಡಾವಳಿಯಲ್ಲಿ 'ಸರ್ವಾನುಮತ' ಅನ್ನೋದು ಸುಳ್ಳು, ಒಬ್ಬರು ವಿರೋಧಿಸಿದ್ದರು, ಅವರಿಗೆ ಅನ್ಯಾಯವಾಯಿತು, ಇದು ಅಂದಿನ ಕಾರ್ಯದರ್ಶಿಯ ತಪ್ಪೊಪ್ಪಿಗೆ ಅಂತ. ಅವನು ಕನ್ನಡಕ ಬದಲಾಯಿಸಿ ಎರಡು ಸಲ ಓದಿದ. ಮೇಜಿನ ಡ್ರಾಯರಿಂದ ಕೆಂಪು ಪೆನ್ಸಿಲ್ ತೆಗೆದ.

"ಇಲ್ಲಿ ತಪ್ಪಿದೆ" ಅಂದ.

"ಏನು?"

"ನನಗೆ ಅನ್ಯಾಯ ಆಯ್ತು ಅಂತ ಬರೆದಿದ್ದೀಯ. ನಾನು ಕೋಣೆಯಲ್ಲಿದ್ದೆ. ಕೈ ಎತ್ತಿದೆ, ಮಾತಾಡಿದೆ, ಬೈಸ್ಕೊಂಡೆ. ಎಲ್ಲ ಆಯ್ತು. ಕೋಣೆಯಲ್ಲಿ ಇಲ್ಲದವರು ನಿನ್ನ ಈ ಹಾಳೆಯಲ್ಲೂ ಇಲ್ಲ."

ಆ ಸಾಲು ಹೊಡೆದು ಹಾಕಿದ. ಅಂಚಿನಲ್ಲಿ ಹನ್ನೊಂದು ಹೆಸರು ಬರೆದ, ಒಂದು ಕ್ಷಣವೂ ಯೋಚಿಸದೆ, ಅವರು ಕೂರ್ತಿದ್ದ ಸಾಲಿನಲ್ಲಿ. ನಾಲ್ಕನೆಯದು ನಿನ್ನಮ್ಮನದು. ಅವಳ ತವರುಮನೆಯ ಹೆಸರು ಸೇರಿಸಿ ಬರೆದ. ಆ ಹೆಸರಲ್ಲಿ ಅವಳನ್ನ ಯಾರಾದರೂ ಕರೆದಿದ್ದು ನಾನು ಕೇಳಿ ಎಷ್ಟು ಕಾಲ ಆಗಿತ್ತು.

ಕ್ಷಮಿಸ್ತೀಯಾ ಅಂತ ಕೇಳಿದೆ. "ಅದು ಕರಡು ನೋಡಿ ಹೇಳೋ ವಿಷಯ ಅಲ್ಲ, ಇನ್ನೊಂದು ಸಲ ಬಾ" ಅಂದ. ಹೊರಡುವಾಗ 'ನಡಾವಳಿ'ಯಲ್ಲಿ ಒಂದು ದೀರ್ಘ ತಿದ್ದಿಕೊಟ್ಟ. ಅವನು ಬದಲಾಗಿಲ್ಲ.

ಸಂಘದ ಸಭೆ ಮೊನ್ನೆ ಶನಿವಾರ ಇತ್ತು. ಈಗಿನ ಕಾರ್ಯದರ್ಶಿ ನಿನ್ನ ವಯಸ್ಸಿನವಳು. "ಅಜ್ಜಾ, ಅಜೆಂಡಾದಲ್ಲಿಲ್ಲ" ಅಂದಳು. 'ಇತರೆ ವಿಷಯ'ದಲ್ಲಿ ಸೇರಿಸು ಅಂದೆ. ಎದ್ದು ಓದಿದೆ. ಭಾಷಣ ಮಾಡಲಿಲ್ಲ, ನಂಬು. ಹನ್ನೊಂದು ಹೆಸರು ಓದಿ ಕೂತೆ, ಮೂರು ನಿಮಿಷ ಆಗಿರಬಹುದು. ಒಬ್ಬ ಎದ್ದು, "ಹಳೇದನ್ನ ಈಗ್ಯಾಕೆ ಕೆದಕಬೇಕು, ಸಂಘಕ್ಕೆ ಕೆಟ್ಟ ಹೆಸರು" ಅಂದ. ಉಳಿದವರು ತಿದ್ದುಪಡಿಗೆ ಒಪ್ಪಿದರು. ಒಬ್ಬರ ವಿರೋಧ ಇತ್ತು ಅಂತ ಅದನ್ನೂ ಬರ್ಕೊಳ್ಳಮ್ಮ ಅಂತ ನಾನೇ ಆ ಹುಡುಗಿಗೆ ಹೇಳಿದೆ. ಬರ್ಕೊಂಡಳು.

ನಿಜವಾದ ಸುದ್ದಿ ಇನ್ನೂ ಇದೆ. ಹನ್ನೊಂದರಲ್ಲಿ ಮೂವರು ಬದುಕಿದ್ದಾರೆ. ಮೂವರಿಗೂ ಹೇಳಿ ಕಳಿಸಿದ್ದೆ, ಒಬ್ಬರು ಸಭೆಗೆ ಬಂದಿದ್ದರು. ಗೋಂದಿನಕ್ಕ ಅಂತ ಕರೀತಿದ್ದರು, ಗೋಂದು ಕಾಯಿಸೋದು ಅವರ ಕೆಲಸ. ಎಂಬತ್ತರ ಹತ್ತಿರ, ಊರುಗೋಲು. ಮುಗಿದ ಮೇಲೆ ನನ್ನ ಹತ್ತಿರ ಬಂದು, "ನಿನ್ನ ಹೆಂಡತಿ ಆವತ್ತು ಹೊಲಿಗೆ ಮೇಜಿನ ಮೇಲೆ ಹತ್ತಿ ನಿಂತಿದ್ದಳು, ಗೊತ್ತಾ?" ಅಂದರು.

ಯಾವತ್ತು?

"ನೋಟಿಸ್ ಹಾಕಿದ ದಿನ. ಐದು ತಿಂಗಳ ಬಸುರಿ, ಮೇಜು ಹತ್ತಿ ಕೂಗಿದಳು ನೋಡು! ಕೆಳಗಿನ ಮಹಡಿಯ ಯಂತ್ರ ನಿಂತಿತು. ಮ್ಯಾನೇಜರು ಬಾಗಿಲ ಹಿಂದೆ ಅವಿತುಕೊಂಡ. ನಾವು ಹತ್ತು ಜನ ಬಾಯಿ ಬಿಟ್ಕೊಂಡು ನೋಡ್ತಿದ್ದೆವು."

ನಾನು ಆ ದಿನ ಒಪ್ಪಂದಕ್ಕೆ ಸಹಿ ಹಾಕೋಕೆ ಮಾಲೀಕನ ಆಫೀಸಿಗೆ ಹೋಗಿದ್ದೆ. ಪ್ರೆಸ್ಸಿನಲ್ಲಿ ನನಗೆ ಯಾರೂ ಹೇಳಲಿಲ್ಲ. ಕಾರ್ಯದರ್ಶಿಯ ಹೆಂಡತಿ ಅಲ್ವಾ. ಅವಳೂ ಹೇಳಲಿಲ್ಲ. ಮೂವತ್ತು ವರ್ಷ ಒಂದೇ ಸೂರಿನ ಕೆಳಗೆ ಇದ್ದೆವು ಮಗಳೇ. ಅವಳು ಕೂಗಿದ್ದನ್ನ ನಾನು ಒಂದು ಸಲವೂ ಕೇಳಿಲ್ಲ. ಅವಳಿಗೆ ಕೂಗೋಕೆ ಬರುತ್ತೆ ಅಂತಲೇ ಗೊತ್ತಿರಲಿಲ್ಲ.

"ಏನಂತ ಕೂಗಿದಳು?" ಅಂದೆ.

ಗೋಂದಿನಕ್ಕ ಊರುಗೋಲು ನೆಲಕ್ಕೆ ಕುಟ್ಟಿದರು. "ನಿನಗೆ ಹೇಳೋಕೆ ನನಗೆ ಮನಸ್ಸಿಲ್ಲ. ಹೊಟ್ಟೆಯಲ್ಲಿ ಇತ್ತಲ್ಲ, ಆ ಮಗುವನ್ನ ಕಳಿಸು" ಅಂದರು.

ವಿಳಾಸ ಹಿಂದೆ ಬರೆದಿದ್ದೀನಿ. ನನಗೆ ಹೇಳಬೇಕು ಅಂತೇನಿಲ್ಲ. ನೀನು ಹೋಗಿ ಕೇಳು.

ಅಪ್ಪ


ಜೂನ್ 8

ಅಪ್ಪ,

ಮೊದಲು ಕಾರ್ಖಾನೆಯ ಸುದ್ದಿ. ಹಿಂಬಾಗಿಲ ಬೀಗ ತೆಗೆದರು. ಹದಿನೇಳು ಜನರನ್ನ ವಾಪಸ್ ತಗೊಂಡಿದ್ದಾರೆ, ನಾಲ್ಕು ಜನರನ್ನ ತಗೊಂಡಿಲ್ಲ. ಇಸ್ತ್ರಿ ಮಾಡೋಳು ಆ ನಾಲ್ವರಲ್ಲಿ ಒಬ್ಬಳು. ಅವರ ಸಭೆ ಇನ್ನೂ ನಮ್ಮ ಹಾಲಿನಲ್ಲೇ ನಡೆಯುತ್ತೆ, ಮಂಗಳವಾರ. ತುಂಬ ಗಲಾಟೆ. ನಾನು ಹೋಗಿ ಹಿಂದೆ ಕೂರ್ತೀನಿ.

ಗೋಂದಿನಕ್ಕನ ಮನೆಗೆ ನಿನ್ನೆ ಹೋಗಿದ್ದೆ. ನಿನ್ನ ಮನೆಗೆ ಬರದೆ ಹಾಗೇ ವಾಪಸ್ ಬಂದೆ, ಮೊದಲು ಈ ಕಾಗದ ಬರೀಬೇಕಿತ್ತು. ಬಾಗಿಲು ತೆಗೆದ ತಕ್ಷಣ ನನ್ನ ಗಲ್ಲ ಹಿಡಿದು, "ಬಾಯಿ ಅವಳದ್ದೇ" ಅಂದರು. ಮೂರು ಗಂಟೆ ಕೂತಿದ್ದೆ. ಅಮ್ಮ ಎಷ್ಟು ಬೇಗ ಹೊಲೀತಿದ್ದಳು, ಊಟದ ಹೊತ್ತಿನಲ್ಲಿ ಹೊಲಿಯೋ ಪುಸ್ತಕದ ಮಧ್ಯದ ಹಾಳೆ ಮಾತ್ರ ಓದಿ ಕತೆಯ ಕೊನೆ ತಾನೇ ಕಟ್ಟಿ ಹೇಳ್ತಿದ್ದಳಂತೆ, ಎಲ್ಲ ಹೇಳಿದರು. ಕೊನೆಗೆ ನಾನು ಕೇಳಿದೆ. ಅವರು ಊರುಗೋಲು ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದು ನಿಂತು, ಅಮ್ಮ ಕೂಗಿದ ಹಾಗೇ ಕೂಗಿ ತೋರಿಸಿದರು. ಅವರ ಮೊಮ್ಮಗಳು ಒಳಗಿಂದ ಓಡಿ ಬಂದಳು.

ಎಂಟು ಪದ. ಅದರಲ್ಲಿ ಒಂದು ನಿನ್ನ ಹೆಸರು. ಬೈಗುಳ ಒಂದೇ, ಉಳಿದದ್ದು ಬೇರೆ.

ನಿನಗೆ ಹೇಳಬಹುದಾ ಅಂತ ಕೇಳಿದೆ. "ಅದು ನಿನ್ನಿಷ್ಟ. ಆದರೆ ಮೆಲ್ಲಗೆ ಹೇಳಬೇಡ" ಅಂದರು.

ಅದಕ್ಕೇ ಇಲ್ಲಿ ಬರೀತಿಲ್ಲ. ಅಷ್ಟು ಜೋರಾಗಿ ಬರೆಯೋಕೆ ನನಗೆ ಬರಲ್ಲ. ಶನಿವಾರ ಬೆಳಗಿನ ಬಸ್ಸಿಗೆ ಬರ್ತೀನಿ. ಕೆಳಗಿನ ಅಂಗಡಿಯವನಿಗೆ ಮೊದಲೇ ಹೇಳಿಡು, ಗಾಬರಿ ಆಗಬಾರದು. ನೀನು ಕುರ್ಚಿ ಹಾಕ್ಕೊಂಡು ಕೂತಿರು.

ನಿನ್ನ ಮಗಳು